ಧಾರವಾಡ ಯಾವ ಕಡೆ?

ಅವ್ವ ತೀರಿಕೊಂಡ ಮೇಲೆ ಅಪ್ಪನನ್ನು ನವಲಗುಂದದಿಂದ ಹೈದರಾಬಾದಿಗೆ ಕರೆತಂದೆ. ಅದು 2017ರ ಮಳೆಗಾಲ. ಬಟ್ಟೆಯ ಚೀಲ ಬಿಟ್ಟರೆ ಅವರು ತಂದದ್ದು ಒಂದು ಹಳೆಯ ಟ್ರಾನ್ಸಿಸ್ಟರ್ ಮಾತ್ರ. ನಲವತ್ತು ವರ್ಷ ಅವರಿಬ್ಬರೂ ರಾತ್ರಿ ಊಟಕ್ಕೆ ಕೂತದ್ದು ಆಕಾಶವಾಣಿ ಧಾರವಾಡ ಹಚ್ಚಿಕೊಂಡೇ.

ಮಿಯಾಪುರದ ನಾಲ್ಕನೇ ಮಹಡಿಯಲ್ಲಿ ಅದು ಬರೇ ಕರಕರ ಅಂದಿತು. ಯೂಟ್ಯೂಬಿನಲ್ಲಿ ಭಾವಗೀತೆ ಹಾಕಿಕೊಟ್ಟೆ. "ಛಲೋ ಐತಿ. ಆದ್ರ ಇದು ಎಲ್ಲಿಂದ ಬರತೈತಿ ಅಂತ ತಿಳಿಯೂದಿಲ್ಲ" ಎಂದು ಫೋನು ಮಗುಚಿಟ್ಟರು. ಅವ್ವನ ಮಾತಂತೂ ಎತ್ತುತ್ತಲೇ ಇರಲಿಲ್ಲ.

ನಾನು ಸಾಫ್ಟ್‌ವೇರಿನವನು, ಮೊದಲು ಹೊಳೆದದ್ದು ಆನ್‌ಲೈನ್ ಆರ್ಡರ್. ಯುಎಸ್‌ಬಿ ರೇಡಿಯೊ ಡಾಂಗಲ್, ಜೊತೆಗೆ ಎಳೆದರೆ ಉದ್ದವಾಗುವ ಆ್ಯಂಟೆನಾ. ಲ್ಯಾಪ್‌ಟಾಪಿನಲ್ಲಿ ಎಫ್‌ಎಂ ಕೇಂದ್ರಗಳೆಲ್ಲ ಸಾಲಾಗಿ ಎದ್ದು ನಿಂತವು. ಧಾರವಾಡ ಇಲ್ಲ. ತಪ್ಪು ನನ್ನದೇ. ಎಫ್‌ಎಂ ಅಲೆಯ ಉದ್ದ ಸುಮಾರು 3 ಮೀಟರ್. ಧಾರವಾಡದ 765 ಕಿಲೋಹರ್ಟ್ಸ್‌ನದು 392 ಮೀಟರ್. ಅದರ ಕಾಲು ಭಾಗದ ತಂತಿ ಎಂದರೂ 98 ಮೀಟರ್. ನಮ್ಮ ಬಾಲ್ಕನಿ ಎರಡೂವರೆ ಮೀಟರ್.

ಅಷ್ಟುದ್ದದ ತಂತಿಗೆ ಜಾಗವಿಲ್ಲದವರಿಗೆ ಲೂಪ್ ಆ್ಯಂಟೆನಾ ಇದೆ. ಕೋಠಿಯ ಗುಜರಾತಿ ಗಲ್ಲಿಗೆ ಹೋಗಿ ಹಳೆಯ ಗ್ಯಾಂಗ್ ಕಂಡೆನ್ಸರ್ ಒಂದನ್ನೂ ತಾಮ್ರದ ತಂತಿಯನ್ನೂ ತಂದೆ. ಎರಡು ಕಟ್ಟಿಗೆ ಪಟ್ಟಿಗಳನ್ನು ಅಡ್ಡಡ್ಡ ಜೋಡಿಸಿ, 60 ಸೆಂಟಿಮೀಟರ್ ಬದಿಯ ಚೌಕವಾಗುವಂತೆ ಹತ್ತು ಸುತ್ತು ಸುತ್ತಿದೆವು. ಒಟ್ಟು 24 ಮೀಟರ್ ತಂತಿ. ಸುತ್ತು ಎಣಿಸಿದವರು ಅಪ್ಪ. ತಂತಿಯ ಎರಡು ತುದಿ ಕಂಡೆನ್ಸರಿಗೆ. ರೇಡಿಯೊಕ್ಕೆ ಏನನ್ನೂ ಜೋಡಿಸಬೇಕಿಲ್ಲ, ಪಕ್ಕದಲ್ಲಿಟ್ಟರೆ ಸಾಕು. ಒಳಗಿರುವ ಫೆರೈಟ್ ಕಡ್ಡಿ ಲೂಪಿನಿಂದ ಸಂಕೇತ ಪಡೆಯುತ್ತದೆ.

ಲೂಪಿಗೆ ಅಂಚಿನ ದಿಕ್ಕಿನಿಂದ ಬಂದದ್ದು ಚೆನ್ನಾಗಿ ಕೇಳುತ್ತದೆ, ಅಗಲದ ಮುಖದ ಕಡೆಯಿಂದ ಬಂದದ್ದಕ್ಕೆ ಕಿವುಡು. ಹಾಗಾಗಿ ತಿರುಗಿಸಿ ನಿಲ್ಲಿಸಬೇಕು.

"ಧಾರವಾಡ ಯಾವ ಕಡೆ ಬರತೈತಿ?" ಅಪ್ಪ ಕೇಳಿದರು. ಎಂಟು ವರ್ಷ ಈ ಊರಿನಲ್ಲಿದ್ದೂ ನನಗೆ ಗೊತ್ತಿರಲಿಲ್ಲ. ನಕಾಶೆ ತೆಗೆದು ನೋಡಿದೆ: ನೇರ ಗೆರೆಯಲ್ಲಿ ಸುಮಾರು 430 ಕಿಲೋಮೀಟರ್, ಪಶ್ಚಿಮಕ್ಕೆ, ತುಸು ದಕ್ಷಿಣಕ್ಕೆ ವಾಲಿ. ಅಡುಗೆಮನೆಯ ಕಿಟಕಿಯ ಕಡೆ.

ಹಗಲು ಈ ಅಲೆಗಳನ್ನು ಅಯಾನುಗೋಳದ ಕೆಳಪದರ ಹೀರಿಕೊಳ್ಳುತ್ತದೆ. ಕತ್ತಲಾದರೆ ಆ ಪದರ ಕರಗಿ, ಮೇಲಿನ ಪದರಕ್ಕೆ ತಾಗಿದ ಅಲೆ ಬಾಗಿ ದೂರದ ನೆಲಕ್ಕೆ ಇಳಿಯುತ್ತದೆ. ಎಂಟರ ಹೊತ್ತಿಗೆ ಎಲ್‌ಇಡಿ ದೀಪ ಆರಿಸಿ ಕೂತೆವು. 738ರಲ್ಲಿ ಹೈದರಾಬಾದ್ ಕೇಂದ್ರದ ಅಬ್ಬರ. ಧಾರವಾಡಕ್ಕೂ ಅದಕ್ಕೂ ಮುಳ್ಳಿನಷ್ಟೇ ಅಂತರ. ಕಂಡೆನ್ಸರನ್ನು ಕೂದಲೆಳೆಯಷ್ಟು ತಿರುಗಿಸಿದೆ. ತೆಲುಗು ಸಣ್ಣದಾಯಿತು. ಕರಕರದ ನಡುವಿನಿಂದ ಒಂದು ಹೆಣ್ಣುದನಿ ಏಳುತ್ತ, ಮುಳುಗುತ್ತ ಬಂತು: ಆಕಾಶವಾಣಿ, ಧಾರವಾಡ.

ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ನಿಮ್ಮವ್ವ ಈ ಹೊತ್ತಿಗೆ ಕಡೀ ರೊಟ್ಟಿ ಬಡೀತಿದ್ಲು" ಎಂದರು. ಆ ರಾತ್ರಿ ಅವ್ವನ ಮಾತು ಮುಗಿಯುವಾಗ ಹನ್ನೊಂದಾಗಿತ್ತು.

ಇನ್ನು ಅಪ್ಪ ಇಲ್ಲೇ ಉಳಿಯುತ್ತಾರೆ ಅಂದುಕೊಂಡೆ. ದೀಪಾವಳಿ ಮುಗಿದದ್ದೇ ಊರಿಗೆ ಹೊರಟು ನಿಂತರು. ಲೂಪನ್ನೂ ಒಯ್ಯಿರಿ ಎಂದೆ.

"ಅಲ್ಲಿ ಅದ್ಯಾಕ ಬೇಕು? ಅಲ್ಲಿ ಹಂಗ ಕೇಳತೈತಿ. ನಿನಗ ಇರ್ಲಿ" ಎಂದರು.