‘ಬರಲ್ಲ’ ಅನ್ನುವ ಮಾತು

ಬಿ.ಎ. ಎರಡನೇ ವರ್ಷದಲ್ಲಿದ್ದಾಗ ಅರ್ಥಶಾಸ್ತ್ರದ ಮೇಷ್ಟ್ರು ಪಾಠದ ನಡುವೆ ಹೇಳಿದರು: ‘ಸರ್ಕಾರ ಪುಕ್ಕಟೆ ಅಕ್ಕಿ ಕೊಟ್ಟು ಜನರನ್ನ ಸೋಮಾರಿ ಮಾಡ್ತಿದೆ. ಕೂಲಿಗೆ ಜನ ಸಿಗದೆ ಉದ್ಯಮ ಬಾಗಿಲು ಹಾಕ್ತಿದೆ. ಹೀಗಾದ್ರೆ ಬಂಡವಾಳ ಹಾಕೋಕೆ ಯಾರು ಬರ್ತಾರೆ?’ ಕ್ಲಾಸು ತಲೆಯಾಡಿಸಿತು. ನಾನೂ ಬರೆದುಕೊಂಡೆ. ಪರೀಕ್ಷೆಯಲ್ಲೂ ಅದನ್ನೇ ಬರೆದೆ. ಅಂಕ ಬಂತು. ಆ ಪರೀಕ್ಷೆಗೆ ನಾನು ಹೋಗಿದ್ದು ಅದೇ ಅಕ್ಕಿಯ ಅನ್ನ ಉಂಡು. ಆ ನಾಚಿಕೆ ಇನ್ನೂ ತೀರಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಶಿಡ್ಲಘಟ್ಟ. ನಂದಿಬೆಟ್ಟಕ್ಕೆ ಮೋಡ ನೋಡಲು ಬರುವವರು ನಮ್ಮ ಬೀದಿಗಳಿಗೆ ಬರುವುದಿಲ್ಲ. ಬಂದರೆ ಮೂಗು ಮುಚ್ಚಿಕೊಳ್ಳುತ್ತಾರೆ. ಬೆಂದ ರೇಷ್ಮೆಗೂಡಿನ ವಾಸನೆ ಅದು. ಅಮ್ಮ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದಳು. ಬಿಸಿನೀರಿಗೆ ಬೆರಳಿಟ್ಟು ಗೂಡಿನ ಎಳೆ ಹುಡುಕಬೇಕು. ಸಂಜೆ ಮನೆಗೆ ಬಂದಾಗ ಅವಳ ಬೆರಳು ಸುಣ್ಣದ ಹಾಗೆ ಬಿಳಿಚಿಕೊಂಡು ಬಿರಿದಿರುತ್ತಿದ್ದವು. ಸಾರಿನ ಖಾರ ತಾಗಿದರೆ ಸಾಕು, ಮುದ್ದೆಯನ್ನು ತಟ್ಟೆಗೇ ಬಿಟ್ಟು ಕೈ ಒದರುತ್ತಿದ್ದಳು.

ಅಕ್ಕನ ಮದುವೆಗೆ ಅಮ್ಮ ಮಾಲೀಕರ ಹತ್ತಿರ ಹದಿನೈದು ಸಾವಿರ ಅಡ್ವಾನ್ಸು ತಗೊಂಡಿದ್ದಳು. ಅದಕ್ಕೆ ಬಡ್ಡಿ ಇರಲಿಲ್ಲ. ಬಡ್ಡಿಯ ಬದಲು ಅವಳೇ ಇದ್ದಳು. ಅದು ತೀರುವ ತನಕ ಬೇರೆ ಕಡೆ ಹೋಗುವಂತಿಲ್ಲ, ಕೂಲಿ ಜಾಸ್ತಿ ಕೇಳುವಂತಿಲ್ಲ. ಜ್ವರ ಬಂದು ಒಂದು ದಿನ ಮಲಗಿದರೆ ಬಾಗಿಲಿಗೆ ಆಳು ಬರುತ್ತಿದ್ದ.

2013ರ ಜುಲೈನಲ್ಲಿ ಅನ್ನಭಾಗ್ಯ ಬಂತು. ನಮ್ಮಂಥ ಮನೆಗೆ ಕೆಜಿಗೆ ಒಂದು ರೂಪಾಯಿಯಂತೆ ತಿಂಗಳಿಗೆ 30 ಕೆಜಿ ಅಕ್ಕಿ. ಅಂಗಡಿಗೆ ಹೋಗುತ್ತಿದ್ದ ದುಡ್ಡನ್ನು ಅಮ್ಮ ಸೀರೆಯ ಗಂಟಿನಲ್ಲಿ ಕಟ್ಟಿದಳು. ಎರಡು ವರ್ಷಕ್ಕೆ ಅಡ್ವಾನ್ಸು ತೀರಿತು. ಒಂದು ಬೆಳಿಗ್ಗೆ ಮಾಲೀಕರೇ ಬಂದರು.

‘ಯಾಕಮ್ಮಾ, ಬರಲ್ವಾ?’

‘ಬರಲ್ಲ ಸಾವ್ಕಾರ್ರೇ. ಆ ಬೀದೀಲಿ ಮೂವತ್ತು ರೂಪಾಯಿ ಜಾಸ್ತಿ ಕೊಡ್ತಾರೆ.’

‘ಅಕ್ಕಿ ಕೊಟ್ಟು ಕೆಡಿಸಿಬಿಟ್ರು ನಿಮ್ಮನ್ನ’ ಎಂದು ಅವರು ಹೊರಟರು. ಅಮ್ಮ ಅವತ್ತೇ ಆ ಬೀದಿಗೆ ಕೆಲಸಕ್ಕೆ ಹೋದಳು. ಇದರಲ್ಲಿ ಸೋಮಾರಿತನ ಎಲ್ಲಿದೆ, ನನಗೆ ಕಾಣಲಿಲ್ಲ. ಅವಳ ಬಾಯಲ್ಲಿ ‘ಬರಲ್ಲ’ ಅನ್ನುವ ಮಾತು ನಾನು ಕೇಳಿದ್ದು ಅದೇ ಮೊದಲು.

ನಮ್ಮೂರಿನ ಸರ್ಕಾರಿ ಗೂಡಿನ ಮಾರುಕಟ್ಟೆಗೆ ಒಮ್ಮೆ ಬನ್ನಿ. ರೈತ ಗೂಡು ತಂದು ಸುರಿಯುತ್ತಾನೆ. ಹರಾಜಾಗುತ್ತದೆ. ಕೂಗಿದ ಬೆಲೆ ಒಪ್ಪಿಗೆಯಾಗದಿದ್ದರೆ ‘ಕೊಡಲ್ಲ’ ಅನ್ನಬಹುದು. ಈ ಹಕ್ಕು ಆಕಾಶದಿಂದ ಉದುರಿದ್ದಲ್ಲ. ಮೊಟ್ಟೆ, ಗೂಡು, ನೂಲಿನ ವ್ಯಾಪಾರಕ್ಕೆ ನಮ್ಮ ರಾಜ್ಯ 1959ರಲ್ಲೇ ಕಾಯ್ದೆ ತಂದಿತು. ಕೇಂದ್ರ ರೇಷ್ಮೆ ಮಂಡಳಿ ಹುಟ್ಟಿದ್ದು 1948ರ ಕಾಯ್ದೆಯಿಂದ. 1980ರಲ್ಲಿ ವಿಶ್ವಬ್ಯಾಂಕಿನಿಂದ ಸಾಲ ತಂದು ರೇಷ್ಮೆ ಬೆಳೆಸಿದರು. ನೂಲು ಬಿಚ್ಚುವ ಯಂತ್ರಕ್ಕೆ ಸಹಾಯಧನವೂ ಬಂತು. ಇದು ಒಳ್ಳೆಯದೇ, ನಾನು ಆಡಿಕೊಳ್ಳುತ್ತಿಲ್ಲ. ಕೇಳುವುದಿಷ್ಟೆ: ಇದಕ್ಕೆಲ್ಲ ಹೆಸರು ‘ಪ್ರೋತ್ಸಾಹ’. ಅಮ್ಮನ ಅಕ್ಕಿಗೆ ಮಾತ್ರ ‘ಪುಕ್ಕಟೆ’ ಯಾಕೆ? ರೈತನ ‘ಕೊಡಲ್ಲ’ ಮಾರುಕಟ್ಟೆಯ ನಿಯಮ. ಅಮ್ಮನ ‘ಬರಲ್ಲ’ ಉದ್ಯಮಕ್ಕೆ ಕೇಡು ಹೇಗಾಯಿತು?

ನೂಲು ಬಿಚ್ಚಿಸುವವರೆಲ್ಲ ದೊಡ್ಡ ಧಣಿಗಳಲ್ಲ, ಒಪ್ಪುತ್ತೇನೆ. ನಾಕು ಬೇಸಿನ್ನು ಇಟ್ಟುಕೊಂಡು ಸಾಲದಲ್ಲಿ ಮುಳುಗಿದವರು ನಮ್ಮ ಬೀದಿಯಲ್ಲೇ ಇದ್ದಾರೆ. ಕೂಲಿ ಏರಿದರೆ ಅವರಿಗೆ ಕಷ್ಟ ಆಗುತ್ತದೆ, ಅದು ಸುಳ್ಳಲ್ಲ. ಆದರೆ ಅವರ ಬೆನ್ನು ಮುರಿದದ್ದು ಅಕ್ಕಿಯಲ್ಲ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ 5ಕ್ಕೆ ಇಳಿಸಿದರು. ಚೀನಾದ ನೂಲಿನ ಮುಂದೆ ಗೂಡಿನ ಬೆಲೆ ಬಿತ್ತು, ರೈತರು ಬೀದಿಗಿಳಿದರು. ಅನ್ನಭಾಗ್ಯ ಬಂದದ್ದು ಅದಾಗಿ ಎರಡು ವರ್ಷಕ್ಕೆ. ಪೆಟ್ಟು ಮೇಲಿಂದ ಬಿದ್ದರೂ ಸಿಟ್ಟು ಕೆಳಗಿನವರ ಮೇಲೆ.

ಹೊರದೇಶದ ಮಾತನ್ನೂ ನೋಡೋಣ. ಯಾವ ದೇಶ ಉದ್ಯಮಕ್ಕೆ ಹಸನಾಗಿದೆ ಎಂದು ವಿಶ್ವಬ್ಯಾಂಕು ವರ್ಷವರ್ಷ ಪಟ್ಟಿ ಮಾಡುತ್ತಿತ್ತು. ಅಂಕಿಗಳಲ್ಲಿ ಅಕ್ರಮ ಕಂಡು 2021ರಲ್ಲಿ ಆ ಪಟ್ಟಿಯನ್ನೇ ನಿಲ್ಲಿಸಿತು. ಆದರೂ ಬಂಡವಾಳದವರೇ ನಂಬಿದ್ದ ಪಟ್ಟಿ ಅದು. ಅದರ 2020ರ ಸಂಚಿಕೆಯಲ್ಲಿ ಡೆನ್ಮಾರ್ಕ್ 4ನೆಯದು, ನಾರ್ವೆ 9, ಸ್ವೀಡನ್ 10. ತೆರಿಗೆ ಹೆಚ್ಚು, ಕೂಲಿಯವರ ಸಂಘ ಗಟ್ಟಿ, ಕೆಲಸ ಹೋದವನಿಗೂ ಊಟಕ್ಕೆ ದಾರಿ ಇರುವ ದೇಶಗಳು ಅವು. ಕೂಲಿಯ ಬಹುಪಾಲು ಯಾವ ರಕ್ಷಣೆಯೂ ಇಲ್ಲದೆ ನಡೆಯುವ ನಮ್ಮ ದೇಶ 63ನೆಯದು. ಹೊಟ್ಟೆ ತುಂಬಿದರೆ ಉದ್ಯಮ ಓಡಿಹೋಗುತ್ತದೆ ಅನ್ನುವವರು ಇದಕ್ಕೇನು ಹೇಳುತ್ತಾರೆ?

ಬಾಬಾಸಾಹೇಬರು 1947ರಲ್ಲೇ ಇದನ್ನು ಕಂಡಿದ್ದರು. ‘ರಾಜ್ಯಗಳು ಮತ್ತು ಅಲ್ಪಸಂಖ್ಯಾತರು’ ಎಂಬ ಮನವಿಯಲ್ಲಿ ಅವರ ವಾದ ಇದು: ಹಸಿದವನು ಕೆಲಸಕ್ಕಾಗಿ ತನ್ನ ಹಕ್ಕುಗಳನ್ನೇ ಬಿಟ್ಟುಕೊಡುತ್ತಾನೆ; ಸರ್ಕಾರ ಕೈಕಟ್ಟಿ ಕೂತರೆ ಸ್ವಾತಂತ್ರ್ಯ ಸಿಗುವುದು ಗೇಣಿ ಏರಿಸುವ ಭೂಮಾಲೀಕನಿಗೆ, ಕೂಲಿ ಇಳಿಸುವ ಬಂಡವಾಳಗಾರನಿಗೆ. 1976ರಲ್ಲಿ ಜೀತ ರದ್ದಾದಾಗಲೂ ಬೇಸಾಯ ಹಾಳಾಯ್ತು ಅಂದರಂತೆ, ನಮ್ಮ ತಾತ ಹೇಳುತ್ತಿದ್ದ. ತಾತ ಜೀತವಿದ್ದ ಹೊಲದಲ್ಲಿ ಈಗ ಹಿಪ್ಪುನೇರಳೆ ಬೆಳೆದು ನಿಂತಿದೆ. ಯಾರೂ ‘ಒಲ್ಲೆ’ ಅನ್ನಲಾಗದ ಕಡೆ ಮಾತ್ರ ಬದುಕುವುದು ಉದ್ಯಮವಲ್ಲ, ಅದು ಜೀತದ ಇನ್ನೊಂದು ಹೆಸರು.

ಅಕ್ಕಿಯೇ ಬಿಡುಗಡೆ ಎಂದು ನಾನು ಹೇಳುತ್ತಿಲ್ಲ. ಅಕ್ಕಿ ಅಮ್ಮನಿಗೆ ಒಂದು ‘ಬರಲ್ಲ’ ಕೊಟ್ಟಿತು. ಕೈಗೆ ಗವಸು ಕೊಡಲಿಲ್ಲ, ಮುಪ್ಪಿಗೆ ಪಿಂಚಣಿ ಕೊಡಲಿಲ್ಲ. ಅದನ್ನು ಸಂಘ ಕಟ್ಟಿ ಕೇಳಬೇಕು. ಅಡ್ವಾನ್ಸಿನ ಹಗ್ಗ ಸಡಿಲಾದವರು ಮಾತ್ರ ಸಂಘದ ಸಭೆಗೆ ಬರಬಲ್ಲರು.

ಕಳೆದ ತಿಂಗಳು ಅಮ್ಮನ ಜೊತೆ ರೇಷನ್ ಅಂಗಡಿಗೆ ಹೋಗಿದ್ದೆ. ಮಿಷನ್ನಿನ ಮೇಲೆ ಹೆಬ್ಬೆಟ್ಟು ಇಟ್ಟಳು. ಹಿಡಿಯಲಿಲ್ಲ. ಒರೆಸಿ ಇಟ್ಟಳು, ಇನ್ನೊಂದು ಬೆರಳು ಇಟ್ಟಳು. ಗೆರೆಗಳೇ ಇಲ್ಲ. ಇಪ್ಪತ್ತು ವರ್ಷದ ಬಿಸಿನೀರು ಅವನ್ನು ತಿಂದಿದೆ. ‘ನಿನ್ನ ಬೆರಳು ಇಡೋ’ ಅಂದಳು. ಇಟ್ಟೆ. ಹಿಡಿಯಿತು.

ಹಳ್ಳಿಯ ಮೇಷ್ಟ್ರುಗಳೇ, ನಾಳೆ ಕ್ಲಾಸಿನಲ್ಲಿ ಸೋಮಾರಿಗಳು ಅನ್ನುವ ಮೊದಲು ಹಿಂದಿನ ಬೆಂಚಿನ ಕಡೆ ಒಮ್ಮೆ ನೋಡಿ. ಅಲ್ಲಿ ಯಾರದೋ ಮಗ ಅದನ್ನು ಬರೆದುಕೊಳ್ಳುತ್ತಿರುತ್ತಾನೆ.