ಕುಡಚಿ: ಹೊಳೆ ದಾಟದ ಚಿಕಿತ್ಸೆ

ರಾಯಬಾಗ ತಾಲ್ಲೂಕಿನ ಕುಡಚಿಗೆ ಕೃಷ್ಣೆ ಅನ್ನ ಕೊಡುವ ಹೊಳೆಯೂ ಹೌದು, ದಾರಿ ಕಟ್ಟುವ ಹೊಳೆಯೂ ಹೌದು. ದಂಡೆಗುಂಟ ಕಬ್ಬು; ಆಚೆ ದಡದಲ್ಲಿ ಉಗಾರ ಖುರ್ದದ ಸಕ್ಕರೆ ಕಾರ್ಖಾನೆ. ಬೆಳಗಾವಿ ಕಡೆಯಿಂದ ಬರುವ ರೈಲು ಕುಡಚಿಯಲ್ಲಿ ನಿಂತು, ಸೇತುವೆ ದಾಟಿ, ಉಗಾರ, ಶೇಡಬಾಳದ ಮೇಲೆ ಮಿರಜಕ್ಕೆ ಸಾಗುತ್ತದೆ. ಊರಿನವರಿಗೆ ಇದು ದವಾಖಾನೆಯ ಹಾದಿ. ವಿಲಿಯಂ ವಾನ್ಲೆಸ್ ಎಂಬ ಮಿಷನರಿ ವೈದ್ಯರು 1894ರಲ್ಲಿ ಮಿರಜದಲ್ಲಿ ಆಸ್ಪತ್ರೆ ತೆರೆದರು. 1956ರಲ್ಲಿ ರಾಜ್ಯಗಳ ಗಡಿ ನಡುವೆ ಬಂದರೂ ರೋಗಿಗಳು ಹಾದಿ ಬದಲಿಸಲಿಲ್ಲ.

ಆಪರೇಷನ್ ಆದರೆ ಒಂದು ಸಲ ಹೋಗಿ ಬಂದರಾಯಿತು. ಲಕ್ವಾ ಹೊಡೆದವರ ಪಾಡು ಹಾಗಲ್ಲ. ರಕ್ತ ಸಿಗದೆ ಸತ್ತ ಮಿದುಳಿನ ಜೀವಕೋಶಗಳು ಮರಳಿ ಬರುವುದಿಲ್ಲ. ಆದರೆ ಉಳಿದ ಕೋಶಗಳು ಹೊಸ ಸಂಪರ್ಕ ಬೆಳೆಸಿಕೊಂಡು ಅವುಗಳ ಕೆಲಸವನ್ನು ಅಷ್ಟಿಷ್ಟು ವಹಿಸಿಕೊಳ್ಳಬಲ್ಲವು. ಅದಕ್ಕೆ ಬೇಕಾದದ್ದು ಅಭ್ಯಾಸ. ಮಗು ಮಗ್ಗಿ ಕಲಿತಂತೆ, ಲೋಟ ಹಿಡಿಯುವುದನ್ನು ದಿನಕ್ಕೆ ಹತ್ತಾರು ಸಲ, ತಿಂಗಳುಗಟ್ಟಲೆ ಕಲಿಯಬೇಕು. ಇದಕ್ಕಾಗಿ ವಾರಕ್ಕೆ ಎರಡು ಮೂರು ಸಲ ರೋಗಿಯನ್ನು ಎತ್ತಿ ರಿಕ್ಷಾದಲ್ಲಿ ಕೂಡಿಸಿ ರೈಲು ಹತ್ತಿಸುವುದೆಂದರೆ ಜೊತೆಗೆ ಹೋಗುವ ಮಗನದೋ ಸೊಸೆಯದೋ ಪಗಾರ ಹೋಯಿತೆಂದೇ ಲೆಕ್ಕ. 2019ರ ಆಗಸ್ಟ್‌ನಲ್ಲಿ ಕುಡಚಿ–ಉಗಾರ ನಡುವಿನ ರಸ್ತೆ ಸೇತುವೆ ನೀರಿನಲ್ಲಿ ಮುಳುಗಿತ್ತು. 2020ರ ಏಪ್ರಿಲ್‌ನಲ್ಲಿ ಕೊರೊನಾ ಬಂದಾಗ ಊರಿಗೇ ದಿಗ್ಬಂಧನ. ಸತ್ತ ಕೋಶಗಳ ಕೆಲಸ ಕಲಿಯಬೇಕಾದ ಮಿದುಳು ಹೊಳೆ ಇಳಿಯುವವರೆಗೆ ಕಾಯುತ್ತ ಕುಳಿತರೆ ನಷ್ಟವೇ.

ದೂರದಿಂದಲೇ ಚಿಕಿತ್ಸೆ ನೀಡುವ ಪ್ರಯತ್ನ ಕರ್ನಾಟಕಕ್ಕೆ ಹೊಸದಲ್ಲ. 2001ರಲ್ಲಿಯೇ ಇಸ್ರೊ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಬೆಂಗಳೂರಿನ ಹೃದ್ರೋಗ ತಜ್ಞರೊಡನೆ ಜೋಡಿಸಿತ್ತು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದೂರದೂರಿನವರಿಗೆ ವಿಡಿಯೊ ಮೂಲಕ ಮಾತಿನ ಚಿಕಿತ್ಸೆ ನೀಡುತ್ತದೆ. ಈಗ ಉಪಗ್ರಹದ ತಟ್ಟೆ ಬೇಕಿಲ್ಲ, ಮೊಬೈಲ್ ಸಾಕು.

ಇಂಥ ಚಿಕಿತ್ಸೆ ಪಡೆದವರಿಗೆ ತೃಪ್ತಿಯಾಗಿದೆಯೇ? ಈ ಪ್ರಶ್ನೆಯನ್ನು ರೋಗಿಗೂ ಆರೈಕೆ ಮಾಡುವವರಿಗೂ ಬೇರೆ ಬೇರೆ ಕೇಳಬೇಕು. ರೈಲಿನ ತೊಂದರೆ ತಪ್ಪಿದ ಸೊಸೆ ‘ಛಲೋ ಆತು’ ಎಂದರೆ ಅದು ಪ್ರಯಾಣ ತಪ್ಪಿದ ಸಮಾಧಾನ. ಮಾವನ ಕೈ ಎಷ್ಟು ಮೇಲೇಳುತ್ತದೆ ಎಂಬುದರ ಅಳತೆಯಲ್ಲ. ಮಾವನಿಗೆ ಚಿಕಿತ್ಸಕರ ಕೈ ತಾಗದ ಚಿಕಿತ್ಸೆ ಚಿಕಿತ್ಸೆಯೇ ಅನ್ನಿಸದಿರಬಹುದು. ಅವರ ದೂರು ಸುಳ್ಳಲ್ಲ. ಸ್ನಾಯು ಎಷ್ಟು ಬಿಗಿದಿದೆ ಎಂಬುದು ಮುಟ್ಟಿದರೆ ತಿಳಿಯುತ್ತದೆ. ಪರದೆಯ ಮೇಲೆ ಕಾಣುವುದಿಲ್ಲ.

ಮನೆಯವರಿಗೆ ಕಲಿಸಿಬಿಟ್ಟರೆ ಸಾಕೆಂಬ ಆಸೆ ಹಿಂದೆಯೇ ಇತ್ತು. ಭಾರತದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳ ಮೇಲೆ ನಡೆದ ‘ಅಟೆಂಡ್’ ಅಧ್ಯಯನದಲ್ಲಿ ಕುಟುಂಬದವರಿಗೆ ವ್ಯಾಯಾಮ ಮಾಡಿಸುವ ತರಬೇತಿ ಕೊಡಲಾಯಿತು. 2017ರಲ್ಲಿ ಪ್ರಕಟವಾದ ಫಲಿತಾಂಶ ನಿರಾಶೆ ತಂದಿತು: ಆರು ತಿಂಗಳ ನಂತರ ತೀರಿಕೊಂಡವರು ಅಥವಾ ಪರಾವಲಂಬಿಗಳಾಗಿ ಉಳಿದವರು ಎರಡೂ ಗುಂಪುಗಳಲ್ಲಿ ಶೇ 47. ಆದರೆ ಲಕ್ವಾ ರೋಗಿಗಳ ದೂರಚಿಕಿತ್ಸೆ ಕುರಿತ 22 ಪ್ರಯೋಗಗಳನ್ನು 2020ರಲ್ಲಿ ಒಟ್ಟಾಗಿ ಪರಿಶೀಲಿಸಿದ ಕಾಕ್ರೇನ್ ಸಂಸ್ಥೆಯ ವಿದ್ವಾಂಸರು, ಪುರಾವೆ ಇನ್ನೂ ಗಟ್ಟಿಯಾಗಬೇಕೆಂದು ಎಚ್ಚರಿಸಿಯೂ, ಅದು ಎದುರುಬದುರಿನ ಚಿಕಿತ್ಸೆಗಿಂತ ಕಡಿಮೆಯೇನಲ್ಲವೆಂಬ ಕಡೆಗೆ ವಾಲಿದರು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಸೊಸೆಗೆ ಪಾಠ ಹೇಳಿ ಕಳಿಸಿದರೆ ಸಾಲದು. ತಪ್ಪಾದಾಗ ತಿದ್ದುವ ಕಣ್ಣು ವಾರವಾರವೂ ಅತ್ತ ಕಡೆ ಇರಬೇಕು. ಫೋನು ಕೊಡಬೇಕಾದದ್ದು ಇದನ್ನೇ.

ಕುಡಚಿಯಂಥ ಊರಿನಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ಇಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಮನೆಮಾತು. ಲಕ್ವಾದಿಂದ ಮಾತು ಹೋದ ಅಜ್ಜಿಗೆ ಮೊದಲು ಮರಳುವ ಪದ ಯಾವ ಭಾಷೆಯದೋ! ಬೆಂಗಳೂರಿನ ಚಿಕಿತ್ಸಕರು ಇಂಗ್ಲಿಷ್ ಬೆರೆಸಿ ಹೇಳಿದ್ದನ್ನು ಹೈಸ್ಕೂಲಿನ ಮೊಮ್ಮಗಳು ಮನೆಮಾತಿಗೆ ತಿರುಗಿಸಬೇಕು. ಅನೇಕ ಮನೆಗಳಲ್ಲಿ ಇರುವುದು ಒಂದೇ ಒಳ್ಳೆಯ ಫೋನು, ಅದೂ ಅಪ್ಪನ ಜೇಬಿನಲ್ಲಿ. ಹೀಗಾಗಿ ವ್ಯಾಯಾಮದ ವೇಳೆ ನಿಗದಿಯಾಗುವುದು ಆತ ಮನೆಗೆ ಬಂದ ಮೇಲೆ. ಆಗ ಮೊಮ್ಮಗಳು ಫೋನನ್ನು ಸಕ್ಕರೆ ಡಬ್ಬಿಗೆ ಆನಿಸಿ ನಿಲ್ಲಿಸುತ್ತಾಳೆ. ಅತ್ತಲಿಂದ ಮೊದಲು ಬರುವ ಮಾತು ಸಾಮಾನ್ಯವಾಗಿ ಒಂದೇ: ‘ಸ್ವಲ್ಪ ಕೆಳಗೆ ಮಾಡಮ್ಮ, ಅಜ್ಜಿಯ ಪಾದ ಕಾಣುತ್ತಿಲ್ಲ.’