ಎಚ್ಚರವಾಗಿರೋಣ



ಕೂಡ್ಲಿಗಿ, ಕೊಟ್ಟೂರು ಸೀಮೆಯ ಜೋಳದ ಹೊಲಗಳಲ್ಲಿ ಪೈರು ಎಳೆಯದಾಗಿರುವಾಗಲೇ ಎಡೆಕುಂಟೆ ಹೊಡೆಯುವರು. ಪೈರು ಎತ್ತರವಾದರೆ ಎತ್ತುಗಳು ಸಾಲಿನೊಳಗೆ ಹೋಗಲಾರವು. ಆ ಬಳಿಕ ಕಳೆಯೇ ಹೊಲಕ್ಕೆ ಒಡೆಯನಾಗುವುದು. ದುರಭ್ಯಾಸದ ರೀತಿಯೂ ಹೀಗೆಯೇ.

ಪೇತ್ರನು ಕರ್ತನನ್ನು ಮೂರು ಸಾರಿ ಅಲ್ಲಗಳೆದದ್ದನ್ನು ನಾವೆಲ್ಲರೂ ಬಲ್ಲೆವು. ಅದಕ್ಕೆ ಮುಂಚೆ ಗೆತ್ಸೇಮನೆಯಲ್ಲಿ, ಎಚ್ಚರವಾಗಿರಬೇಕೆಂಬ ಅಪ್ಪಣೆಯಾಗಿದ್ದರೂ, ಅವನು ನಿದ್ರಿಸಿದ್ದನು. ಅಂಗಳದ ಬೆಂಕಿಯ ಬಳಿ ಕಂಡ ಸೋಲು ತೋಟದ ನಿದ್ರೆಯಲ್ಲಿಯೇ ಮೊದಲಾಗಿತ್ತು.

ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿಯೂ 2013ರಲ್ಲಿ ಗುಟ್ಕಾವೂ ನಿಷೇಧವಾದವು. ಇದು ಉಪಕಾರವೇ ಸರಿ. ಆದರೂ ಕುಡಿತವು ಬೇರೆ ಸೀಸೆಯಲ್ಲಿಯೂ ತಂಬಾಕು ಬೇರೆ ಪೊಟ್ಟಣದಲ್ಲಿಯೂ ಮನೆಗೆ ಬರುತ್ತಿವೆ. ಮಗಳ ಪುಸ್ತಕದ ಹಣವು ಅಲ್ಲಿಗೆ ಹೋಗುತ್ತಿದೆ. ಕಾಯಿದೆಯು ಅಂಗಡಿಯ ಬಾಗಿಲನ್ನು ಮುಚ್ಚಬಲ್ಲದು. ಹೃದಯದ ಬಾಗಿಲನ್ನು ನಾವೇ ಕಾಯಬೇಕು.

ಸ್ತ್ರೀಯರಾದ ನಮಗೂ ಶೋಧನೆಗಳುಂಟು: ನೆರೆಯವಳ ಮೇಲಿನ ಚಾಡಿ, ಮನೆಯವರಿಗೆ ತಿಳಿಸದ ಸಾಲ, ಪ್ರಾರ್ಥನೆಯ ಹೊತ್ತನ್ನು ನುಂಗುವ ಮೊಬೈಲು. ಸಾಲಗಾರನು ಬಂದಾಗ “ಅಮ್ಮ ಮನೆಯಲ್ಲಿಲ್ಲವೆಂದು ಹೇಳು” ಎಂದು ಮಗುವನ್ನು ಬಾಗಿಲಿಗೆ ಕಳುಹಿಸುವ ತಾಯಿಯು, ಯಾವ ಶಾಲೆಯೂ ಸುಲಭವಾಗಿ ಅಳಿಸಲಾರದ ಪಾಠವನ್ನು ಕಲಿಸುತ್ತಾಳೆ.

ಆದುದರಿಂದ ರಾತ್ರಿ ಮಲಗುವ ಮುಂಚೆ ಮನೆಯವರೆಲ್ಲರೂ ಕೂಡಿ ಪ್ರಾರ್ಥಿಸಿರಿ. ದಿನದ ತಪ್ಪನ್ನು ಅದರ ಹೆಸರಿನಿಂದಲೇ ದೇವರಿಗೆ ಅರಿಕೆ ಮಾಡಿರಿ. ಎಡವಿದವರನ್ನು ಹೀಯಾಳಿಸದೆ ಕೈಹಿಡಿದು ಎತ್ತಿರಿ. ವ್ಯಥೆಪಟ್ಟು ಅತ್ತ ಪೇತ್ರನಿಗೇ ಕರ್ತನು ತನ್ನ ಕುರಿಗಳನ್ನು ಒಪ್ಪಿಸಿದನಲ್ಲವೇ? ಆ ಕೃಪೆಯು ನಿಮ್ಮ ಮನೆಗಳನ್ನು ಕಾಯಲಿ.